ಬಾಗಿಲು ಹಾಕಿದ್ದರೂ ಒಳಗೆ ಬಂದ ಜ್ವರ: 1918ರ ಸಿಲ್ವರ್ಟನ್

ಅಮೆರಿಕದ ಕೊಲೊರಾಡೊದಲ್ಲಿ ಸುತ್ತಲೂ ಬೆಟ್ಟ ಎದ್ದು ನಿಂತ ಕಣಿವೆಯೊಂದರಲ್ಲಿ ಸಿಲ್ವರ್ಟನ್ ಇದೆ. ಸಮುದ್ರಮಟ್ಟದಿಂದ 9,300 ಅಡಿ ಎತ್ತರದ ಈ ಊರಿಗೆ 1882ರಲ್ಲಿ ಕಿರಿದಾದ ಹಳಿಗಳ ರೈಲು ಬಂತು. ಅಕ್ಕಿಬೇಳೆಯಿಂದ ಡೈನಮೈಟ್‌ವರೆಗೆ ಎಲ್ಲವೂ ಅದರಲ್ಲೇ ಮೇಲೆ ಬರಬೇಕು, ಅದಿರು ಅದರಲ್ಲೇ ಕೆಳಗೆ ಹೋಗಬೇಕು. 1918ರ ಶರತ್ಕಾಲದಲ್ಲಿ ಇನ್‌ಫ್ಲುಯೆಂಜಾ ಬಂದಾಗ ಇಷ್ಟು ಮೂಲೆಯ ಊರು ಬಚಾವಾಗಬೇಕಿತ್ತು ಅಂತ ಯಾರಿಗಾದರೂ ಅನಿಸೀತು. ಹಾಗಾಗಲಿಲ್ಲ. ಕೆಲವೇ ವಾರಗಳಲ್ಲಿ ನೂರೈವತ್ತರ ಆಸುಪಾಸು ಜನ ಸತ್ತರು, ಹೆಚ್ಚುಕಡಿಮೆ ಹತ್ತರಲ್ಲೊಬ್ಬರು. ಒಬ್ಬೊಬ್ಬರಿಗೆ ಒಂದೊಂದು ಗುಂಡಿ ತೋಡಲು ಆಗದೆ, ಹಿಲ್‌ಸೈಡ್ ಸ್ಮಶಾನದಲ್ಲಿ ಹಲವರನ್ನು ಒಟ್ಟಿಗೇ ಮಣ್ಣು ಮಾಡಿದರು.

ಊರಿನವರು ಕೈಕಟ್ಟಿ ಕೂತಿದ್ದರು ಅನ್ನುವ ಹಾಗೂ ಇಲ್ಲ. ಒಬ್ಬರಿಗೂ ಕಾಯಿಲೆ ಕಾಣಿಸುವ ಮೊದಲೇ ಜನ ಸೇರುವ ಜಾಗಗಳನ್ನು ಮುಚ್ಚಿಸಿದ್ದರು. ಆದರೆ ಗಣಿ ಊರಲ್ಲಿ ಜನ ನಿಜಕ್ಕೂ ಒಟ್ಟಿಗೆ ಇರುವುದು ಚರ್ಚಿನಲ್ಲೋ ನಾಟಕಶಾಲೆಯಲ್ಲೋ ಅಲ್ಲ. ಗಣಿಯ ಬಾಯಿಯ ಪಕ್ಕದಲ್ಲೇ, ಬೆಟ್ಟದ ಮೈಗೆ ಅಂಟಿಸಿದ ಹಾಗೆ ಕಟ್ಟಿದ ಬೋರ್ಡಿಂಗ್ ಮನೆಗಳಲ್ಲಿ ಗಂಡಾಳುಗಳು ಸಾಲು ಮಂಚಗಳಲ್ಲಿ ಮಲಗುತ್ತಿದ್ದರು. ಒಂದೇ ಊಟದ ಮೇಜು, ಚಳಿಗೆ ಬಿಗಿದ ಕಿಟಕಿ. ಗಣಿ ಸೀಮೆಗಳಲ್ಲಿ ಎಷ್ಟೋ ಕಡೆ ರಾತ್ರಿ ಪಾಳಿಯವನು ಎದ್ದ ಹಾಸಿಗೆಗೆ ಹಗಲು ಪಾಳಿಯವನು ಬಂದು ಬೀಳುತ್ತಿದ್ದ. ಅದನ್ನು ಮುಚ್ಚುವುದು ಎಂದರೆ ಗಣಿಯನ್ನೇ ಮುಚ್ಚಿದಂತೆ.

ಇನ್ನೊಂದು ಕಾರಣ ಎದೆಗೂಡಿನ ಒಳಗಿತ್ತು. ಗಾಳಿಯೊತ್ತಡದ ಡ್ರಿಲ್ಲುಗಳು ಬಂದ ಮೇಲೆ ಗಟ್ಟಿ ಬಂಡೆಯಿಂದ ಏಳುವ ಪುಡಿ ನೇರ ಶ್ವಾಸಕೋಶಕ್ಕೆ ಹೋಗತೊಡಗಿತು. ನೀರು ಹಾಯಿಸದ ಆ ಒಣ ಡ್ರಿಲ್ಲಿಗೆ ಗಣಿಗಾರರೇ ಇಟ್ಟಿದ್ದ ಅಡ್ಡಹೆಸರಿನ ಅರ್ಥ ‘ಹೆಂಡಿರನ್ನು ವಿಧವೆ ಮಾಡುವವ’. ಆ ಪುಡಿಯಿಂದ ಬರುವ ಸಿಲಿಕೋಸಿಸ್ ಕೋಲಾರದ ಚಿನ್ನದ ಗಣಿಯ ಮನೆಗಳಿಗೆ ಹೊಸದಲ್ಲ. ಅಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಸಿಕ್ಕಿತ್ತು. ಇಂಥ ಶ್ವಾಸಕೋಶಕ್ಕೆ ಫ್ಲೂ ಬಂದು, ಅದರ ಬೆನ್ನಿಗೇ ನ್ಯುಮೋನಿಯಾ ಹತ್ತಿದರೆ? ಎತ್ತರದ ತೆಳುಗಾಳಿಯಲ್ಲಿ ಉಸಿರಿಗೆ ಮೊದಲೇ ಬರ. ಆ್ಯಂಟಿಬಯೋಟಿಕ್ ಇನ್ನೂ ಬಂದಿರಲಿಲ್ಲ. ಮನುಷ್ಯರ ಫ್ಲೂ ವೈರಸ್ ಕೈಗೆ ಸಿಕ್ಕಿದ್ದೇ 1933ರಲ್ಲಿ. ಅಲ್ಲಿಯವರೆಗೆ ಬಹಳಷ್ಟು ವೈದ್ಯರು ಬೇರೊಂದು ಬ್ಯಾಕ್ಟೀರಿಯಾದ ಮೇಲೆ ತಪ್ಪು ಹೊರಿಸುತ್ತಿದ್ದರು.

ಸಾಲದ್ದಕ್ಕೆ, ಸಾಮಾನ್ಯ ಫ್ಲೂ ಮುದುಕರನ್ನೂ ಕೂಸುಗಳನ್ನೂ ಒಯ್ದರೆ, 1918ರದ್ದು ಇಪ್ಪತ್ತರಿಂದ ನಲವತ್ತರ ವಯಸ್ಸಿನವರನ್ನು ಹುಡುಕಿದ ಹಾಗೆ ಕೊಂದಿತು. ಗಣಿ ಊರಿನ ತುಂಬ ಇದ್ದವರು ಅವರೇ. ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿ ಆಮೇಲೆ ಲೆಕ್ಕ ಹಾಕಿತು: 25ರಿಂದ 45 ವಯಸ್ಸಿನ, ತನ್ನಲ್ಲಿ ವಿಮೆ ಮಾಡಿಸಿದ್ದ ಕೈಗಾರಿಕಾ ಕಾರ್ಮಿಕರಲ್ಲಿ ಫ್ಲೂ ಒಯ್ದದ್ದು ಶೇ. 3.26 ಮಂದಿಯನ್ನು. ಕಲ್ಲಿದ್ದಲು ಗಣಿಯವರಲ್ಲಿ ಶೇ. 6.21. ಕಾಯಿಲೆ ಬಿದ್ದವರಲ್ಲಿ ಅಲ್ಲ, ಎಲ್ಲರನ್ನೂ ಸೇರಿಸಿ. ಹಣ ತೆರಬೇಕಾದವರ ಲೆಕ್ಕ ಇದು, ಹಾಗಾಗಿ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಅದೇ ಕೊಲೊರಾಡೊದ ಬೆಟ್ಟಗಳಲ್ಲಿ ಗನಿಸನ್ ಎಂಬ ಪಟ್ಟಣವಿದೆ. ಅದೂ ರೈಲಿನ ಊರೇ, ಸುತ್ತಲಿನ ಸೀಮೆಗೆ ಸಾಮಾನು ಒದಗಿಸುವ ಪೇಟೆ. ಅಲ್ಲಿ ಅಕ್ಟೋಬರ್‌ನಲ್ಲಿ ಜನ ಸೇರುವುದನ್ನು ನಿಷೇಧಿಸಿದ್ದು ಮಾತ್ರವಲ್ಲ, ರಸ್ತೆಗಳಿಗೇ ಅಡ್ಡಗಟ್ಟೆ ಹಾಕಿದರು. ಕಾಲು ಸಡಿಲಿಸಲು ಪ್ಲಾಟ್‌ಫಾರ್ಮಿಗೆ ಇಳಿದರೂ ಹಿಡಿದು ಐದು ದಿನ ಪ್ರತ್ಯೇಕವಾಗಿ ಇಡುತ್ತಾರೆ ಎಂದು ರೈಲಿನ ಕಂಡಕ್ಟರುಗಳು ಪ್ರಯಾಣಿಕರಿಗೆ ಎಚ್ಚರಿಕೆ ಕೊಡುತ್ತಿದ್ದರು. ಅಡ್ಡಗಟ್ಟೆ ದಾಟಿ ಕಾರು ಓಡಿಸಿದ ನೆಬ್ರಾಸ್ಕಾದ ಇಬ್ಬರು ಜೈಲು ಸೇರಿದರು. 1919ರ ಫೆಬ್ರವರಿವರೆಗೆ ನಡೆದ ಈ ದಿಗ್ಬಂಧನದಲ್ಲಿ ಗನಿಸನ್ ಕೊಲ್ಲುವ ಅಲೆಯನ್ನು ಹೆಚ್ಚುಕಡಿಮೆ ಪೂರ್ತಿ ತಪ್ಪಿಸಿಕೊಂಡಿತು.

ಎರಡು ಊರುಗಳ ಕಥೆ ಹೇಳುವಾಗ ಗನಿಸನ್ ಜಾಣ, ಸಿಲ್ವರ್ಟನ್ ದಡ್ಡ ಅನ್ನುವ ಧಾಟಿ ನುಸುಳುತ್ತದೆ. ನನಗದು ಒಪ್ಪಿಗೆಯಿಲ್ಲ. ಗನಿಸನ್ ಸುತ್ತ ದನ ಸಾಕುವ ರ‍್ಯಾಂಚುಗಳಿದ್ದವು, ಮನೆಮನೆಯಲ್ಲಿ ಸಂಸಾರಗಳಿದ್ದವು. ಬಾಗಿಲು ಹಾಕಿಕೊಂಡು ಕೂರಲು ಒಂದು ಮನೆಯಾದರೂ ಇತ್ತು. ಬೋರ್ಡಿಂಗ್ ಮನೆಯಲ್ಲಿ ಮಲಗುವ, ಹೊಟ್ಟೆಗೆ ಬೇಕಾದದ್ದೆಲ್ಲ ಕೆಳಗಿನಿಂದ ಏರಿಬರಬೇಕಾದ ಊರಿನಲ್ಲಿ ಕೂಲಿಯವನು ಯಾವ ಬಾಗಿಲು ಹಾಕಿಕೊಳ್ಳಬೇಕಿತ್ತು? ಮೇಲಾಗಿ ಅದು ಯುದ್ಧದ ಕಾಲ, ಲೋಹಕ್ಕೆ ಬೇಡಿಕೆ ತಗ್ಗಿರಲಿಲ್ಲ.

2006ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಹೊವರ್ಡ್ ಮಾರ್ಕೆಲ್ ಮತ್ತು ಸಂಗಡಿಗರು, ಅಮೆರಿಕದಲ್ಲಿ ಆ ಫ್ಲೂವಿನಿಂದ ಬಹುಮಟ್ಟಿಗೆ ಪಾರಾದ ಏಳು ಸಮುದಾಯಗಳನ್ನು ಹುಡುಕಿ ತೆಗೆದರು. ಪಟ್ಟಿಯಲ್ಲಿ ಗನಿಸನ್ ಇದೆ. ಜೊತೆಗೆ ಒಂದು ದ್ವೀಪದ ನೌಕಾ ತರಬೇತಿ ಶಿಬಿರ, ಒಂದು ವಿಶ್ವವಿದ್ಯಾಲಯ, ಹೆಣ್ಣುಮಕ್ಕಳ ಒಂದು ಕಾಲೇಜು, ಅಂಧರ ಶಾಲೆ, ಕ್ಷಯರೋಗಿಗಳ ಸ್ಯಾನಿಟೋರಿಯಂ, ವರ್ಮಾಂಟಿನ ಒಂದು ಹಳ್ಳಿ. ಗಣಿಗಾರರು ಮಲಗಿ ಎದ್ದು ಪಾಳಿಗೆ ಹೋಗುವ ಊರು ಅದರಲ್ಲಿ ಒಂದೂ ಇಲ್ಲ.