ಹೆಪ್ಪುಗಟ್ಟಿದ ಹುಳ ಮತ್ತೆ ಹರಿದಾಡುತ್ತದಾ?

ಪ್ರಶ್ನೆ: ಅಂಟಾರ್ಕ್ಟಿಕದಲ್ಲೂ ಕೀಟ ಇದೆಯಂತೆ. ಅಷ್ಟು ಚಳಿಯಲ್ಲಿ ಅದು ಹೆಪ್ಪುಗಟ್ಟದೆ ಹೇಗೆ ಬದುಕುತ್ತದೆ?

ಉತ್ತರ: ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದರಲ್ಲಿ 'ಹೆಪ್ಪುಗಟ್ಟದೆ' ಅನ್ನುವ ಮಾತು ಇದ್ದೇ ಇರುತ್ತದೆ. ತಪ್ಪಿರುವುದೇ ಅಲ್ಲಿ.

ಆ ಕೀಟದ ಹೆಸರು ಬೆಲ್ಜಿಕಾ ಅಂಟಾರ್ಕ್ಟಿಕ. ನೊರಜಿನ ಜಾತಿಯದು, ಉದ್ದ 2ರಿಂದ 6 ಮಿಲಿಮೀಟರ್. ಅಂಟಾರ್ಕ್ಟಿಕ್ ಪರ್ಯಾಯ ದ್ವೀಪ ಮತ್ತು ಹತ್ತಿರದ ನಡುಗಡ್ಡೆಗಳಲ್ಲಿ ಪಾಚಿ, ಕೊಳೆತ ಕಸ ತಿಂದುಕೊಂಡು ಇರುತ್ತದೆ. ಸುಮಾರು ಎರಡು ವರ್ಷ ಮರಿಹುಳವಾಗಿಯೇ ಕಳೆಯುತ್ತದೆ. ದೊಡ್ಡದಾದ ಮೇಲೆ ಬದುಕುವುದು ವಾರ, ಹತ್ತು ದಿನ ಅಷ್ಟೇ. ಅಂದರೆ ಚಳಿಗಾಲ ದಾಟಬೇಕಾದದ್ದು ಮರಿಹುಳ.

'ಅದರ ರಕ್ತದಲ್ಲಿ ಕಾರಿನ ಕೂಲೆಂಟ್ ಥರದ್ದು ಇರುತ್ತೆ, ಅದಕ್ಕೇ ಹೆಪ್ಪುಗಟ್ಟಲ್ಲ' ಎಂದು ಎಲ್ಲ ಕಡೆ ಹೇಳುತ್ತಾರೆ. ಹಾಗೆ ಮಾಡುವ ಕೀಟಗಳಿವೆ. ಅಲಾಸ್ಕದ ಒಂದು ಚಪ್ಪಟೆ ಕೆಂಪು ದುಂಬಿ ಹಾಗೇ ಬದುಕುತ್ತದೆ. ಬೆಲ್ಜಿಕಾ ಮಾತ್ರ ಹಾಗಲ್ಲ. ಅದರ ಮೈಯಲ್ಲಿ ನಿಜವಾಗಿಯೂ ಮಂಜುಗಡ್ಡೆ ಕಟ್ಟುತ್ತದೆ. ಕರಗಿದ ಮೇಲೆ ಅದೇ ಹುಳ ಮತ್ತೆ ಹರಿದಾಡುತ್ತದೆ.

ಹೇಗೆ? ಒಂದು ಟೊಮೆಟೊ ಫ್ರೀಜರ್‌ನಲ್ಲಿಟ್ಟು, ಮಾರನೇ ದಿನ ಹೊರಗೆ ತೆಗೆದು ನೋಡಿ. ಕರಗುತ್ತಿದ್ದಂತೆ ಸಿಪ್ಪೆ ಜೋತುಬಿದ್ದು ನೀರು ಸೋರುತ್ತದೆ. ಮಂಜು ಅದರ ಜೀವಕೋಶಗಳನ್ನು ಹರಿದು ಹಾಕಿರುತ್ತದೆ. ಬೆಲ್ಜಿಕಾದಲ್ಲಿ ಮಂಜು ಕಟ್ಟುವುದು ಕೋಶಗಳ ನಡುವಿನ ದ್ರವದಲ್ಲಿ. ನೀರು ಮಂಜಾಗುತ್ತಾ ಹೋದಂತೆ ಉಳಿದ ದ್ರವ ಪಾಕದ ಹಾಗೆ ಸಾಂದ್ರವಾಗುತ್ತದೆ. ಆಗ ಅದು ಕೋಶದ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಉಪ್ಪು ಸವರಿದ ಮಾವಿನಹೋಳು ನೀರು ಬಿಡುತ್ತದಲ್ವಾ, ಹಾಗೆ. ಕೋಶ ಮುದುಡುತ್ತದೆ, ಆದರೆ ಒಡೆಯುವುದಿಲ್ಲ. ಗ್ಲಿಸರಾಲ್, ಟ್ರೆಹಲೋಸ್ ಎಂಬ ಸಕ್ಕರೆ, ಇಂಥವು ಆ ಹೊತ್ತಿನಲ್ಲಿ ಕೋಶದ ಪೊರೆಯನ್ನು ಕಾಯುತ್ತವೆ. ಕೂಲೆಂಟ್ ಎಂದು ಜನ ಹೇಳುವುದು ಇವನ್ನೇ. ಇಲ್ಲಿ ಅವುಗಳ ಕೆಲಸ ಮಂಜನ್ನು ತಡೆಯುವುದಲ್ಲ, ಮಂಜಿನ ಜೊತೆ ಬದುಕಿಸುವುದು.

ಇನ್ನೊಂದು ದಾರಿಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. ಸುತ್ತಲಿನ ಮಣ್ಣು ನಿಧಾನವಾಗಿ ಹೆಪ್ಪುಗಟ್ಟಿದರೆ ಮರಿಹುಳ ತಾನೇ ಒಣಗುತ್ತದೆ. ಮೈಯ ನೀರಿನಲ್ಲಿ ಸುಮಾರು 70 ಶೇಕಡಾ ಹೋದರೂ ಸಾಯುವುದಿಲ್ಲ. ಒಣಮೆಣಸಿನಕಾಯಿಯನ್ನು ವರ್ಷವಿಡೀ ಫ್ರೀಜರ್‌ನಲ್ಲಿಟ್ಟರೂ ಏನೂ ಆಗಲ್ಲ. ಮಂಜು ಕಟ್ಟಲು ಒಳಗೆ ನೀರೇ ಇಲ್ಲ.

ಇಷ್ಟೆಲ್ಲ ಇದ್ದರೂ ಈ ಹುಳ ಸುಮಾರು -15 ಡಿಗ್ರಿಗಿಂತ ಕೆಳಗೆ ತಡೆಯಲಾರದು. ಗಾಳಿ ಅದಕ್ಕಿಂತ ತಣ್ಣಗಾಗುತ್ತದೆ. ಆದರೆ ಹಿಮ ಕಂಬಳಿಯ ಹಾಗೆ ಮೇಲೆ ಹೊದ್ದುಕೊಂಡಿರುವುದರಿಂದ, ಕೆಳಗಿನ ಮಣ್ಣು -7ಕ್ಕಿಂತ ಕೆಳಗಿಳಿಯುವುದು ಅಪರೂಪ.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಬೇಕು. ಈ ಹುಳಕ್ಕೆ ಬಿಸಿ ಆಗಿಬರುವುದಿಲ್ಲ. ಪ್ರಯೋಗಶಾಲೆಯಲ್ಲಿ ಆರು ತಿಂಗಳ ಚಳಿಗಾಲವನ್ನು -1 ಡಿಗ್ರಿಯಲ್ಲಿ ಕಳೆದ ಮರಿಹುಳಗಳು, -5ರಲ್ಲಿದ್ದವುಗಳಿಗಿಂತ ಜಾಸ್ತಿ ಸತ್ತವು. ಕೊರೆಯುವ ಚಳಿಯಲ್ಲಿ ಮೈ ಪೂರ್ತಿ ತಣ್ಣಗೆ ಮಲಗಿರುತ್ತದೆ, ಶಕ್ತಿಯ ಖರ್ಚು ಕಡಿಮೆ. ಸ್ವಲ್ಪ ಬೆಚ್ಚಗಾದರೆ ಖರ್ಚು ಶುರು. ಹೊರಗೆ ತಿನ್ನಲು ಏನೂ ಇರುವುದಿಲ್ಲ, ಬೇಸಿಗೆಯಲ್ಲಿ ಮೈಯಲ್ಲಿ ಕೂಡಿಟ್ಟದ್ದು ವಸಂತಕ್ಕೆ ಮೊದಲೇ ಕರಗುತ್ತಾ ಹೋಗುತ್ತದೆ.