ಇಂಟ್ ಬದಲು ಯುಇಂಟ್32_ಟಿ ಎಂದು ಬರೆದರೆ ಸಾಕೆ?

ಪ್ರಶ್ನೆ: ತೋಟದ ಪಂಪ್ ಅನ್ನು ಒಂದು ನಿಮಿಷ ನಡೆಸಿ ನಿಲ್ಲಿಸುವ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಅದು ಸರಿಯಾಗಿ ನಡೆಯಿತು. ಅದನ್ನೇ ಆರ್ಡುಯಿನೊ ಉನೊ ಬೋರ್ಡಿಗೆ ಹಾಕಿದರೆ ಪಂಪ್ ನಿಲ್ಲುವುದೇ ಇಲ್ಲ. ಎಲ್ಲ ಕಡೆ ಇಂಟ್ (ಪೂರ್ಣಾಂಕ ಇಡುವ ಸಾಮಾನ್ಯ ಬಗೆ) ತೆಗೆದು ಯುಇಂಟ್32_ಟಿ (ಸರಿಯಾಗಿ 32 ಬಿಟ್‌ನ, ಋಣ ಚಿಹ್ನೆಯಿಲ್ಲದ ಪೂರ್ಣಾಂಕ) ಬರೆಯಿರಿ ಎಂದು ಸ್ನೇಹಿತರು ಹೇಳಿದರು. ಹಾಗೆಯೇ ಬರೆದೆ, ಆದರೂ ನಿಲ್ಲುತ್ತಿಲ್ಲ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಎರಡು ಪ್ರತಿಗಳಲ್ಲಿ ಇರುವುದು ಎರಡು ಬೇರೆ ಬೇರೆ ತಪ್ಪುಗಳು, ಹೊರಗೆ ಕಾಣುವ ಲಕ್ಷಣ ಮಾತ್ರ ಒಂದೇ.

ಮೊದಲ ಪ್ರತಿಯನ್ನು ನೋಡೋಣ. ಇಂಟ್ ಎಂದರೆ ಇಷ್ಟೇ ಬಿಟ್ ಎಂದು ಸಿ ಭಾಷೆಯ ಮಾನಕ ಎಲ್ಲಿಯೂ ನಿಗದಿ ಮಾಡಿಲ್ಲ. ಕನಿಷ್ಠ 16 ಬಿಟ್ ಇರಬೇಕು ಎಂದಷ್ಟೇ ಹೇಳುತ್ತದೆ. ಲಾಂಗ್ ಎಂಬ ಇನ್ನೊಂದು ಪೂರ್ಣಾಂಕದ ಬಗೆ ಕನಿಷ್ಠ 32 ಬಿಟ್ ಇರಬೇಕು. ಉಳಿದದ್ದನ್ನು ಆಯಾ ಪ್ರೊಸೆಸರ್‌ಗೆ ಕಂಪೈಲರ್ (ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ತಂತ್ರಾಂಶ) ಬರೆಯುವವರಿಗೆ ಬಿಡಲಾಗಿದೆ. ಉನೊದಲ್ಲಿರುವ ಎಟಿಮೆಗಾ328ಪಿ 8 ಬಿಟ್‌ನ ಚಿಪ್ ಆಗಿದ್ದು, ಅದರ ಕಂಪೈಲರ್ ಇಂಟ್‌ಗೆ 16 ಬಿಟ್ ಕೊಡುತ್ತದೆ. ಇಎಸ್‌ಪಿ32ರಲ್ಲಿ ಅದೇ ಇಂಟ್ 32 ಬಿಟ್. ಕಳೆದ ಸಮಯವನ್ನು ನೀವು ಇಂಟ್‌ನಲ್ಲಿ ಇಟ್ಟುಕೊಂಡು 60000 ಮಿಲಿಸೆಕೆಂಡ್‌ಗಿಂತ, ಅಂದರೆ ಒಂದು ನಿಮಿಷಕ್ಕಿಂತ, ಹೆಚ್ಚಾಯಿತೇ ಎಂದು ಕೇಳಿದ್ದೀರಿ. 16 ಬಿಟ್ ಇಂಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಅಂದರೆ ಸುಮಾರು 33 ಸೆಕೆಂಡ್ ಆಗುತ್ತಿದ್ದಂತೆ ಆ ಲೆಕ್ಕ ಋಣ ಸಂಖ್ಯೆಗೆ ಜಾರುತ್ತದೆ, ಮತ್ತೆ ಏರುತ್ತದೆ, ಮತ್ತೆ ಜಾರುತ್ತದೆ. 60000ವನ್ನು ಎಂದೂ ಮುಟ್ಟುವುದಿಲ್ಲ.

ಎರಡನೆಯ ಪ್ರತಿ ಹೆಚ್ಚು ಸ್ವಾರಸ್ಯವಾದದ್ದು. ಅಲ್ಲಿ ನೀವು ಮಿತಿಗೆ ಒಂದು ಹೆಸರು ಕೊಟ್ಟು, ಅದನ್ನು ಯುಇಂಟ್32_ಟಿ ಎಂದು ಘೋಷಿಸಿ, ಓದಲು ಸುಲಭವಾಗಲಿ ಎಂದು 60 * 1000 ಎಂದು ಬರೆದಿದ್ದೀರಿ. ಸಮ ಚಿಹ್ನೆಯ ಎಡಕ್ಕೆ 32 ಬಿಟ್‌ನ ಪಾತ್ರೆ ಇದೆ, ಸರಿ. ಆದರೆ ಬಲಗಡೆಯ ಗುಣಾಕಾರ ನಡೆಯುವಾಗ ಕಂಪೈಲರ್ ಎಡಗಡೆ ಏನಿದೆ ಎಂದು ನೋಡುವುದಿಲ್ಲ. 60 ಒಂದು ಇಂಟ್, 1000 ಒಂದು ಇಂಟ್, ಆದ್ದರಿಂದ ಗುಣಲಬ್ಧವೂ ಇಂಟ್. ಉನೊದಲ್ಲಿ ಅದು 16 ಬಿಟ್. 60000 ಅದರೊಳಗೆ ಹಿಡಿಯದು. ಮಾನಕದ ಪ್ರಕಾರ ಇಂಥ ಲೆಕ್ಕಕ್ಕೆ ಅರ್ಥವೇ ಇಲ್ಲ. ವಾಸ್ತವದಲ್ಲಿ ಅದು 65536 ಕಳೆದು -5536 ಆಗುತ್ತದೆ. ಆ ಋಣ ಸಂಖ್ಯೆ ಈಗ ಚಿಹ್ನೆಯಿಲ್ಲದ 32 ಬಿಟ್‌ಗೆ ಹೋಗಿ ಕುಳಿತಾಗ 4294961760 ಎಂದು ಓದಿಸಿಕೊಳ್ಳುತ್ತದೆ. ಅಷ್ಟು ಮಿಲಿಸೆಕೆಂಡ್ ಎಂದರೆ 49 ದಿನಕ್ಕೂ ಹೆಚ್ಚು. ನಿಮ್ಮ ಪಂಪ್ ಕೆಟ್ಟಿಲ್ಲ, ಹೇಳಿದ ಸಮಯಕ್ಕಾಗಿ ಕಾಯುತ್ತಿದೆ.

ಪರಿಹಾರ ಸಣ್ಣದು: 60 ಎನ್ನುವುದರ ನಂತರ ಜಾಗ ಬಿಡದೆ ಯು ಮತ್ತು ಎಲ್ ಅಕ್ಷರಗಳನ್ನು ಸೇರಿಸಿದರೆ ಅದು ಅನ್‌ಸೈನ್ಡ್ (ಚಿಹ್ನೆಯಿಲ್ಲದ) ಲಾಂಗ್ ಆಗಿ, ಗುಣಾಕಾರ ಮೊದಲಿನಿಂದಲೇ 32 ಬಿಟ್‌ನಲ್ಲಿ ನಡೆಯುತ್ತದೆ. ಕಂಪೈಲರ್ ಈ ತಪ್ಪನ್ನು ಹಿಡಿದು ಎಚ್ಚರಿಸಬಲ್ಲದು. ಆದರೆ ಕೋಡ್ ಬರೆಯುವ ಆರ್ಡುಯಿನೊ ಐಡಿಇ ತಂತ್ರಾಂಶದಲ್ಲಿ ಕಂಪೈಲರ್ ವಾರ್ನಿಂಗ್ಸ್ ಎಂಬ ಆಯ್ಕೆ ಮೊದಲಿನಿಂದಲೂ ‘ನನ್’ (ಯಾವುದೂ ಬೇಡ) ಎಂದೇ ಇರುತ್ತದೆ. ಕಲಿಯುವವರಿಗೆ ಗಾಬರಿಯಾಗದಿರಲಿ ಎಂಬ ಉದ್ದೇಶ ಇರಬಹುದು. ನನಗಂತೂ ಅದು ತಪ್ಪು ಉಪಕಾರವೆನಿಸುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ ಅದನ್ನು ‘ಆಲ್’ ಮಾಡಿಕೊಳ್ಳಿ.

ಇದರ ತಿರುವುಮುರುವು ಕೂಡ ಉಂಟು. ಎರಡು ಯುಇಂಟ್16_ಟಿ ಸಂಖ್ಯೆಗಳನ್ನು ಗುಣಿಸಿದರೆ, ಇಂಟ್ 32 ಬಿಟ್ ಇರುವ ಯಂತ್ರದಲ್ಲಿ ಅವೆರಡೂ ಮೊದಲು ಚಿಹ್ನೆಯುಳ್ಳ ಇಂಟ್‌ಗೆ ಬಡ್ತಿ ಪಡೆಯುತ್ತವೆ. 65535 * 65535 ಆಗ 2147483647ರ ಮಿತಿ ಮೀರಿ ಅರ್ಥಹೀನ ಲೆಕ್ಕವಾಗುತ್ತದೆ. ಅದೇ ಸಾಲು ಉನೊದಲ್ಲಿ ಯಾವ ವಿವಾದವೂ ಇಲ್ಲದೆ 1 ಎಂಬ ಉತ್ತರ ಕೊಡುತ್ತದೆ. ನಿಗದಿತ ಅಗಲದ ಹೆಸರುಗಳು ಸಂಖ್ಯೆ ಎಷ್ಟು ಜಾಗದಲ್ಲಿ ಕೂರುತ್ತದೆ ಎಂಬುದನ್ನು ಹೇಳುತ್ತವೆಯೇ ಹೊರತು ಲೆಕ್ಕ ಯಾವ ಅಗಲದಲ್ಲಿ ನಡೆಯುತ್ತದೆ ಎಂಬುದನ್ನಲ್ಲ.

ಹಾಗಿದ್ದರೆ ಯುಇಂಟ್32_ಟಿ ಬೇಕಾದದ್ದು ಎಲ್ಲಿ? ಅಗಲವೇ ಅರ್ಥದ ಭಾಗವಾಗಿರುವ ಕಡೆ: ಹಾರ್ಡ್‌ವೇರ್ ರಿಜಿಸ್ಟರ್, ಫೈಲ್‌ನಲ್ಲಿ ಬರೆಯುವ ದಾಖಲೆ, ನೆಟ್‌ವರ್ಕ್ ಪ್ಯಾಕೆಟ್, ಒಂದು ಪ್ರೋಗ್ರಾಂ ಇನ್ನೊಂದಕ್ಕೆ ದಾಟಿಸುವ ಸ್ಟ್ರಕ್ಟ್ (ಹಲವು ಅಂಶಗಳನ್ನು ಒಟ್ಟಿಗೆ ಕಟ್ಟಿದ ದಾಖಲೆ). 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ ಇಂದಿಗೂ 32 ಬಿಟ್. ಆದ್ದರಿಂದ ಲಾಂಗ್ ಇಟ್ಟುಕೊಂಡ ದಾಖಲೆ ಒಂದರಲ್ಲಿ ಬರೆದು ಇನ್ನೊಂದರಲ್ಲಿ ಓದಿದರೆ ಹಾಳಾಗುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರು ಇದೇ ಕಾರಣಕ್ಕೆ ಯು8, ಯು16, ಯು32, ಯು64 ಎಂಬ ತಮ್ಮದೇ ಚಿಕ್ಕ ಹೆಸರುಗಳನ್ನು ಬಳಸುತ್ತಾರೆ. ಸರಣಿಯ ಸೂಚ್ಯಂಕಕ್ಕೆ, ಹತ್ತು ಬಾರಿ ಸುತ್ತುವ ಲೂಪ್‌ಗೆ ಇವುಗಳ ಅಗತ್ಯ ಇಲ್ಲ.

ಸ್ಟ್ರಕ್ಟ್ ವಿಷಯದಲ್ಲಿ ಅಗಲ ನಿಗದಿಪಡಿಸಿದರೂ ಒಂದು ಬಿಲ ಉಳಿಯುತ್ತದೆ. 4 ಬೈಟ್‌ನ ಅಂಶವೊಂದು, ಅದರ ನಂತರವೇ 8 ಬೈಟ್‌ನದೊಂದು ಇಟ್ಟರೆ, ಲಿನಕ್ಸ್‌ನ 32 ಬಿಟ್ ಎಕ್ಸ್86ರಲ್ಲಿ (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್) ಒಟ್ಟು 12 ಬೈಟ್. 64 ಬಿಟ್ ಎಕ್ಸ್86ರಲ್ಲಿ ನಡುವೆ 4 ಬೈಟ್ ಖಾಲಿ ಬಿಟ್ಟು 16 ಬೈಟ್. 64 ಬಿಟ್ ಕರ್ನಲ್ ಮೇಲೆ ಹಳೆಯ 32 ಬಿಟ್ ಪ್ರೋಗ್ರಾಂ ಓಡಿಸಿದಾಗ ಇದು ನಿಜವಾದ ತಲೆನೋವು. ದೊಡ್ಡ ಅಂಶಗಳನ್ನು ಮೊದಲು ಇಡುವುದು, ಖಾಲಿ ಜಾಗವನ್ನು ನಾವೇ ಹೆಸರು ಕೊಟ್ಟು ತುಂಬುವುದು, ಸಿ11ರಿಂದ ಬಂದಿರುವ ಸ್ಟ್ಯಾಟಿಕ್ ಅಸರ್ಟ್ ಬಳಸಿ ಗಾತ್ರ 16 ಅಲ್ಲದಿದ್ದರೆ ಕಂಪೈಲ್ ಆಗುವುದೇ ಬೇಡ ಎಂದು ಸೂಚಿಸುವುದು ರೂಢಿಯಲ್ಲಿರುವ ಉಪಾಯಗಳು.

ಅಕ್ಷರ ಇಡುವ ಚಾರ್ ಎಂಬ ಬಗೆಯ ಕುರಿತು ಒಂದು ಮಾತು: ಲಿನಕ್ಸ್‌ನಲ್ಲಿ ಅದು ಎಕ್ಸ್86ರಲ್ಲಿ ಚಿಹ್ನೆಯುಳ್ಳದ್ದು, ಆರ್ಮ್ ಪ್ರೊಸೆಸರ್‌ನಲ್ಲಿ ಚಿಹ್ನೆಯಿಲ್ಲದ್ದು. ಅದರಲ್ಲಿ -1 ಇಟ್ಟು ಮತ್ತೆ -1ಕ್ಕೆ ಹೋಲಿಸುವ ಕೋಡ್ ಆರ್ಮ್‌ನಲ್ಲಿ ಎಂದೂ ಸಮ ಎನ್ನುವುದಿಲ್ಲ.

ಈಗ ಮತ್ತೆ ನಿಮ್ಮ ಪಂಪ್‌ಗೆ ಬರೋಣ. ಬೋರ್ಡ್ ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡ್ ಹೇಳುವ ಮಿಲಿಸ್ ಕೊಡುವ ಎಣಿಕೆ 32 ಬಿಟ್‌ನದು, 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಪಂಪ್ ಶುರುವಾದ ಕ್ಷಣವನ್ನೂ ಈಗಿನ ಕ್ಷಣವನ್ನೂ ಯುಇಂಟ್32_ಟಿಯಲ್ಲಿಟ್ಟು ಒಂದರಿಂದ ಇನ್ನೊಂದನ್ನು ಕಳೆದರೆ, ನಡುವೆ ಎಣಿಕೆ ಸೊನ್ನೆಗೆ ಮರಳಿದ್ದರೂ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ, ಏಕೆಂದರೆ ಕಳೆಯುವ ಲೆಕ್ಕವೂ ಅದೇ 32 ಬಿಟ್‌ನಲ್ಲಿ ಸುತ್ತಿ ಬರುತ್ತದೆ. ಅನ್‌ಸೈನ್ಡ್ ಲಾಂಗ್ ಎಂದು ಬರೆದರೂ ಉನೊದಲ್ಲಿ, ಇಎಸ್‌ಪಿ32ರಲ್ಲಿ ಇದೇ ಫಲ. ಆದರೆ ಆ ಕೋಡನ್ನು ಪರೀಕ್ಷೆಗೆಂದು ನಿಮ್ಮ 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ಅಲ್ಲಿ ಅನ್‌ಸೈನ್ಡ್ ಲಾಂಗ್ 64 ಬಿಟ್. 32 ಬಿಟ್‌ನ ಎಣಿಕೆ ಸೊನ್ನೆಗೆ ಮರಳಿದ ಕ್ಷಣದಲ್ಲಿ ವ್ಯತ್ಯಾಸ ಭಾರೀ ಸಂಖ್ಯೆಯಾಗಿ, ಆಗಷ್ಟೇ ಶುರುವಾದ ಪಂಪ್ ತಟ್ಟನೆ ನಿಂತುಬಿಡುತ್ತದೆ. ನಿಮ್ಮ ಸ್ನೇಹಿತರ ಸಲಹೆ ಪೂರ್ತಿಯಾಗಿ ಸಲ್ಲುವುದು ಶುರುವಿನ ಕ್ಷಣವನ್ನೂ ಈಗಿನ ಕ್ಷಣವನ್ನೂ ಇಡುವ ಈ ಎರಡು ಸಾಲುಗಳಿಗೆ.