‘ಟಕ್’ ಅಂದ ತಕ್ಷಣ ಸ್ಟಾರ್ಟರ್ ಬಿಚ್ಚಬೇಡಿ

ಬಟನ್ ಒತ್ತಿದಾಗ ಕೈಕೊಡುವ ಹಳೇ ಬೈಕ್ ಸಾಮಾನ್ಯವಾಗಿ ಮೂರು ಥರ ಸದ್ದು ಮಾಡುತ್ತದೆ. ‘ಟಕ್’ ಅಂದು ಸುಮ್ಮನಾಗುತ್ತದೆ. ಇಲ್ಲವೇ ಒಂದೊಂದು ಸುತ್ತಿಗೂ ನರಳುತ್ತದೆ. ಇಲ್ಲವೇ ಸ್ಟಾರ್ಟರ್, ಅಂದರೆ ಎಂಜಿನ್ ಎಬ್ಬಿಸುವ ಮೋಟಾರ್, ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಅಲ್ಲಾಡುವುದಿಲ್ಲ. ಕೊನೆಯದು, ಮೋಟಾರಿನ ತಿರುಗನ್ನು ಎಂಜಿನ್ನಿಗೆ ದಾಟಿಸುವ ಒನ್ ವೇ ಕ್ಲಚ್ ಜಾರುತ್ತಿರುವ ಲಕ್ಷಣ. ಅದಕ್ಕೆ ಎಂಜಿನ್ ಕವರ್ ತೆಗೆಯಲೇಬೇಕು, ಇವತ್ತು ಅದರ ಮಾತು ಬೇಡ. ಮೊದಲ ಎರಡರಲ್ಲಿ ಜನ ಸೀದಾ ಮೋಟಾರ್ ಬಿಚ್ಚುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅದು ನಿರಪರಾಧಿ.

ಒಬ್ಬರು ಬೈಕನ್ನು ಹೊಸದರಂತೆ ಮಾಡಿಸಿಕೊಂಡಿದ್ದರು. ಕನ್ನಡಿಯಂಥ ಬಣ್ಣ, ಹೊಸ ಬ್ಯಾಟರಿ. ಬಟನ್ ಒತ್ತಿದರೆ ಬರೀ ‘ಟಕ್’. ಸ್ಟಾರ್ಟರ್ ಎರಡು ಸಲ ರಿಪೇರಿಯಾಗಿತ್ತು. ಬ್ಯಾಟರಿಯ ನೆಗೆಟಿವ್ ವೈರ್ ಫ್ರೇಮಿಗೆ ಸೇರುವ ಬೋಲ್ಟ್ ಬಿಚ್ಚಿ ನೋಡಿದೆ. ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್‌ನ ಅಡಿಯಲ್ಲೂ ಅದೇ ಚೆಂದದ ಬಣ್ಣ! ಕರೆಂಟ್ ವಾಪಸ್ ಬರಲು ಬೋಲ್ಟಿನ ಎರಡು ಥ್ರೆಡ್‌ಗಳಷ್ಟೇ ದಾರಿ. ರೂಪಾಯಿ ಅಗಲದ ಜಾಗ ಕೆರೆದು ಲೋಹ ಕಾಣಿಸಿ, ಲಗ್ ಬಿಗಿದು, ಮೇಲೆ ಒಂಚೂರು ಗ್ರೀಸ್ ಸವರಿದೆ. ಮುಂದಿನ ಒತ್ತಿಗೆ ಎಂಜಿನ್ ತಿರುಗಿತು.

ಇಷ್ಟು ಸಣ್ಣ ಅಡ್ಡಿಗೆ ಯಾಕೆ ಇಷ್ಟು ತೊಂದರೆ? ಲೆಕ್ಕ ಸುಲಭ. ಸ್ಟಾರ್ಟರ್ 100 ಆಂಪಿಯರ್ ಎಳೆಯುವಾಗ ದಾರಿಯಲ್ಲಿ 0.01 ಓಮ್ ಅಡ್ಡಿ ಇದ್ದರೂ ಪೂರ್ತಿ 1 ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಅಂಥ ನಾಲ್ಕು ಜಾಯಿಂಟ್ ಇದ್ದರೆ ಮೋಟಾರಿಗೆ ಉಳಿಯುವುದೇನು? ಮಲ್ಟಿಮೀಟರ್ ಓಮ್‌ನಲ್ಲಿಟ್ಟು ‘ಕಂಟಿನ್ಯೂಟಿ ಇದೆ’ (ದಾರಿ ಎಲ್ಲೂ ತುಂಡಾಗಿಲ್ಲ) ಅನ್ನುವವರಿಗೂ ಇದೇ ಉತ್ತರ. ಮೀಟರಿನ ಪುಟಾಣಿ ಕರೆಂಟ್ ವೈರಿನ ಒಂದೇ ಎಳೆಯಲ್ಲೂ ದಾಟಿಬಿಡುತ್ತದೆ.

ಹಾಗಾಗಿ ಮೀಟರನ್ನು ವೋಲ್ಟ್‌ನಲ್ಲಿಟ್ಟು, ಬಟನ್ ಒತ್ತಿಕೊಂಡೇ ಅಳೆಯಬೇಕು. ಗೇರ್ ನ್ಯೂಟ್ರಲ್‌ಗೆ ತಂದು, ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿಗೆ ಹೋಗುವ ವೈರ್ ಬಿಚ್ಚಿಡಿ. ಮೊದಲು ಬ್ಯಾಟರಿ. ಸುಮ್ನೆ ನಿಂತಾಗ 12.6 ವೋಲ್ಟ್ ಇದ್ದು, ಬಟನ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೇ ಅನುಮಾನ ಪಡಿ. ಬೀಳದಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಸ್ಟಾರ್ಟರಿನ ಟರ್ಮಿನಲ್‌ಗೆ ಇಟ್ಟು ಒತ್ತಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಕೇಬಲ್ಲಿನಲ್ಲೋ, ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇಯಲ್ಲೋ ಅಡ್ಡಿ ಇದೆ. ಹಾಗೆಯೇ ಬ್ಯಾಟರಿ ನೆಗೆಟಿವ್‌ನಿಂದ ಸ್ಟಾರ್ಟರಿನ ಮೈಗೆ. ಇಲ್ಲಿ 0.2 ದಾಟಿದರೂ ನಾನು ಅರ್ತ್ (ನೆಗೆಟಿವ್ ವೈರ್ ಫ್ರೇಮಿಗೆ ಸೇರುವ ಜಾಗ) ಬಿಚ್ಚಿ ಉಜ್ಜುತ್ತೇನೆ. ರಿಲೇ ‘ಟಕ್’ ಅಂದ ಮಾತ್ರಕ್ಕೆ ಒಳ್ಳೆಯದು ಅಂದುಕೊಳ್ಳಬೇಡಿ. ಒಳಗಿನ ತಾಮ್ರದ ಮುಖ ಸುಟ್ಟಿದ್ದರೂ ಸದ್ದು ಬರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ನರಳಿದರೆ, ಆಗ ಮೋಟಾರ್ ಬಿಚ್ಚಿ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಮರೆತರೆ ಸ್ಪ್ಯಾನರ್ ಕಿಡಿ ಹಾರಿಸಿ ನೆನಪಿಸುತ್ತದೆ. ಒಳಗೆ ಕಪ್ಪು ಧೂಳು ತುಂಬಿರುತ್ತದೆ, ಅದು ಸವೆದ ಕಾರ್ಬನ್ ಬ್ರಶ್, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ತುಂಡು. ಕರೆಂಟ್ ಹರಿಸುವ ಧೂಳು ಅದು, ಪೂರ್ತಿ ಒರೆಸಬೇಕು. ಬ್ರಶ್ ಎಷ್ಟು ಉಳಿದಿರಬೇಕು ಅನ್ನುವುದು ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬ್ರಶ್ ಉಜ್ಜುವ ತಾಮ್ರದ ಪಟ್ಟಿಗಳ ಸುತ್ತು, ಅಂದರೆ ಕಮ್ಯುಟೇಟರ್, ಕಪ್ಪಾಗಿದ್ದರೆ ನುಣುಪಾದ ಉಪ್ಪುಕಾಗದದ ಪಟ್ಟಿ ಸುತ್ತಿ ಮೆತ್ತಗೆ ಉಜ್ಜಿ. ಎಮರಿ ಕಾಗದ ಬೇಡ, ಅದರ ಕಣ ಸಂದಿಯಲ್ಲಿ ಕೂತರೆ ಶಾರ್ಟ್ ಆಗಬಹುದು. ತಾಮ್ರದ ಪಟ್ಟಿಗಳ ನಡುವೆ ಕರೆಂಟ್ ತಡೆಯುವ ಮೈಕಾ ತಾಮ್ರಕ್ಕಿಂತ ತಗ್ಗಿನಲ್ಲಿರಬೇಕು. ಸಮವಾಗಿದ್ದರೆ ಬ್ರಶ್ ಅದರ ಮೇಲೆ ಕುಣಿಯುತ್ತದೆ. ತಾಮ್ರದ ಪಟ್ಟಿಗೂ ಶಾಫ್ಟಿಗೂ ನಡುವೆ ಮೀಟರ್ ಕೂಗಿದರೆ ಉಜ್ಜಿ ಪ್ರಯೋಜನವಿಲ್ಲ, ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಹೋಗಿದೆ.

ವಾಪಸ್ ಕೂರಿಸುವಾಗ ಎಲ್ಲರೂ ಅವಸರ ಮಾಡುವ ಜಾಗ ಒಂದಿದೆ: ದಪ್ಪ ಕೇಬಲ್ ಸೇರುವ ಟರ್ಮಿನಲ್. ಹೊರಗಿನ ನಟ್ ಒಂದನ್ನೇ ಬಿಗಿದರೆ ಬೋಲ್ಟ್ ಪೂರ್ತಿ ತಿರುಗಿ ಒಳಗಿನ ಬ್ರಶ್ ವೈರನ್ನೇ ಹಿಂಡಿಬಿಡುತ್ತದೆ. ಒಳ ನಟ್ ಇದ್ದರೆ ಅದನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದುಕೊಂಡು, ಇನ್ನೊಂದರಲ್ಲಿ ಹೊರಗಿನದನ್ನು ಬಿಗಿಯಿರಿ.